ಇನ್ನೂ ಏನೋ ಹಾಕ್ತೀಯ ನೀನು

ಹನ್ನೊಂದು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ,
ಬಚ್ಚಿಟ್ಟಿಲ್ಲ ಏನೂ:
ರಾತ್ರಿಯಿಡೀ ನೆನೆದ ಕೆಂಪು ಕಾಳು,
ಈರುಳ್ಳಿ ಎರಡು, ಅಕ್ರೋಟು ಒಂದು ಹಿಡಿ,
ಬೆಳ್ಳುಳ್ಳಿ, ಕೊತ್ತಂಬರಿ, ಬೀಜವೂ ಸೊಪ್ಪೂ,
ನಮ್ಮ ಬೆಟ್ಟದ ನೀಲಿ ಮೆಂತ್ಯದ ಪುಡಿ ಚಿಟಿಕೆ,
ರುಚಿಗೆ ತಕ್ಕಷ್ಟು ಉಪ್ಪು.
ಇಷ್ಟೇ.
ಕುತೈಸಿಯಲ್ಲಿ ಇದು ಯಾರಿಗೆ ಗೊತ್ತಿಲ್ಲ?
ಲೋಬಿಯೊ ಬೇಯದ ಮನೆಯಿದೆಯೇ ಈ ಊರಲ್ಲಿ?

ಆದರೂ ಗುರುವಾರ ಸಂಜೆ
ಲಿಫ್ಟಿಗೆ ಹಾಕುವ ಚಿಲ್ಲರೆ ಉಳಿಸಿ
ಐದು ಮಹಡಿ ಏದುಸಿರಲ್ಲಿ ಹತ್ತಿ ಬಂದು
ನನ್ನ ಅಡುಗೆಮನೆಯ ಮೂರು ಸ್ಟೂಲು ಹಿಡಿದು ಕೂತು
ಮೆಕ್ಕೆಜೋಳದ ರೊಟ್ಟಿಯಲ್ಲಿ ಬಟ್ಟಲು ಒರೆಸಿ ತಿಂದ ಮೇಲೆ
ಅದೇ ಮಾತು:
"ಇನ್ನೂ ಏನೋ ಹಾಕ್ತೀಯ ನೀನು, ಎತೇರಿ."

ಗುಗುಲಿ ಹಲ್ಲಿನ ಡಾಕ್ಟರಾಗಿದ್ದವಳು.
ಒಂದು ಕಾಳನ್ನು ಚಮಚದ ತುದಿಯಲ್ಲಿ ದೀಪಕ್ಕೆ ಹಿಡಿದು
ಹುಳುಕು ಹುಡುಕುವಂತೆ ನೋಡುತ್ತಾಳೆ.
ಬೊಂದೊ ಬಸ್ಸು ರಿಪೇರಿ ಬಿಟ್ಟು ಸೌಟು ಹಿಡಿದವನು,
ಜೇಬಿನಲ್ಲೇ ತಕ್ಕಡಿ.
"ತಕ್ಕಷ್ಟು ಅಂದರೆ ಎಷ್ಟು ಗ್ರಾಂ? ಸರಿಯಾಗಿ ಹೇಳು."
ಇಝೋಲ್ದಾ ಏನೂ ಕೇಳುವುದಿಲ್ಲ.
ಕೈ ತೊಳೆಯುವ ನೆಪದಲ್ಲಿ
ನನ್ನ ಗೂಡಿನ ಡಬ್ಬಿಗಳನ್ನು ಎಣಿಸುತ್ತಾಳೆ.

ಕೈಗುಣ ಇರಬಹುದು ಎಂದೆ ಒಮ್ಮೆ.
ನಕ್ಕರು. ನನ್ನ ಕೈ ಹಿಡಿದು ಮಗುಚಿ ನೋಡಿದರು,
ಬೆರಳ ಸಂದಿಯಲ್ಲಿ ಏನಾದರೂ ಸಿಕ್ಕೀತೆಂದು.

ನಿಜಕ್ಕೆ ಉಪ್ಪಿನಷ್ಟೂ ಬೆಲೆಯಿಲ್ಲವೆಂದಾದರೆ
ಎಷ್ಟು ಕಾಲ ಅದನ್ನೇ ಬಡಿಸುವುದು?
ಗ್ಯಾಸು ಸಣ್ಣಗೆ ಉರಿಯುತ್ತಿದ್ದ ಫೆಬ್ರವರಿಯಲ್ಲಿ
ನನ್ನ ತಾಳ್ಮೆಯೂ ತಳ ಹಿಡಿಯಿತು.

ಗುಗುಲಿಗೆ ಮೆಟ್ಟಿಲ ಮೇಲೆ, ಕಿವಿಯಲ್ಲಿ:
ಕಾಳು ಬೇಯುವಾಗ ಒಂದೇ ಒಂದು ಒಣಗಿದ ಪ್ಲಮ್ ಹಾಕು,
ಯಾರೂ ನೋಡುವ ಮೊದಲು ತೆಗೆದು ಬಿಸಾಡು.
ಬೊಂದೊಗೆ ಫೋನಿನಲ್ಲಿ:
ತಣ್ಣಗಾದ ಕಪ್ಪು ಚಹಾ, ಐದು ಗ್ರಾಂ, ಆರಾದರೆ ಕೆಟ್ಟಿತು.
ಇಝೋಲ್ದಾಗೆ ಮಾತಿಲ್ಲ.
ಉಪ್ಪುನೀರಲ್ಲಿಟ್ಟ ದ್ರಾಕ್ಷಿ ಎಲೆಯ ಬಾಟಲಿಯನ್ನು
ಗೂಡಿನ ಮುಂಸಾಲಿಗೆ ತಂದು
ಮುಚ್ಚಳ ಸ್ವಲ್ಪ ಸಡಿಲ ಬಿಟ್ಟೆ.
ಅವಳ ಕಣ್ಣು ಅಲ್ಲೇ ನಿಂತಿತು.

ಮುಂದಿನ ಗುರುವಾರ ಮೂವರೂ
ತಮ್ಮ ತಮ್ಮ ಮಣ್ಣಿನ ಮಡಕೆ, ಟವೆಲಿನಲ್ಲಿ ಸುತ್ತಿ,
ಎಳೆಮಗುವನ್ನು ಎತ್ತಿಕೊಂಡ ಹಾಗೆ ತಂದರು.
ಲಿಫ್ಟಿಗೂ ಚಿಲ್ಲರೆ ಹಾಕಿದ್ದರು ಈ ಸಲ.

ಗುಗುಲಿಯದ್ದು ಚೆನ್ನಾಗಿತ್ತು.
ಇಝೋಲ್ದಾ ತನ್ನದನ್ನೇ ಎರಡು ಸಲ ಬಡಿಸಿಕೊಂಡಳು.
ಬೊಂದೊನದ್ದು,
ಹೇಳಲು ನಾಲಗೆ ಏಳುತ್ತಿಲ್ಲ,
ನನ್ನದಕ್ಕಿಂತ ಒಂದು ಕೂದಲೆಳೆ ಮೇಲಿತ್ತು.

ಮೇಜಿನ ಸುತ್ತ ಮೂರು ಗುಟ್ಟು ಕೂತು
ಪಕ್ಕದವರ ಬಟ್ಟಲಿಗೆ ಚಮಚ ಹಾಕಿದವು.
"ಇನ್ನೂ ಏನೋ ಹಾಕ್ತೀಯ ನೀನು, ಬೊಂದೊ."
"ನಾನೆಲ್ಲಿ, ನೀನು, ಗುಗುಲಿ."
ನನ್ನ ಮಡಕೆಯ ಲೋಬಿಯೊ ಕೆನೆಗಟ್ಟುತ್ತ ಕೂತಿತ್ತು.
ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಅವರು ಹೋದ ಮೇಲೆ ಪಾತ್ರೆ ತೊಳೆದೆ.
ಉಳಿದದ್ದನ್ನು ಬಿಸಿ ಮಾಡಿ ಒಂದು ತುತ್ತು ತಿಂದೆ.
ಕಾಳು ಸರಿ, ಉಪ್ಪು ಸರಿ, ಅಕ್ರೋಟು ಸರಿ.
ಏನೋ ಇಲ್ಲ.
ಹನ್ನೊಂದು ವರ್ಷ ಇಲ್ಲದಿದ್ದದ್ದು
ಇವತ್ತು ಹೇಗೆ ಇಲ್ಲವಾಯಿತು?

ಬೊಂದೊ ಕುಡಿದು ಬಿಟ್ಟ ಚಹಾ
ಗಾಜಿನ ಲೋಟದ ತಳದಲ್ಲಿ ತಣ್ಣಗೆ ನಿಂತಿತ್ತು.
ಎತ್ತಿ ಮಡಕೆಯ ಮೇಲೆ ಹಿಡಿದೆ. ಕೈ ನಡುಗಿತು.
ಕಣ್ಣಳತೆಯಲ್ಲೇ ಮೂರು ಮಕ್ಕಳನ್ನು ಬೆಳೆಸಿದ ಕೈ.

ರಾತ್ರಿ ಹನ್ನೊಂದಕ್ಕೆ ಅವನಿಗೆ ಫೋನು ಮಾಡಿ
ಆ ತಕ್ಕಡಿ ಒಂದು ದಿನದ ಮಟ್ಟಿಗೆ ಬೇಕಿತ್ತು ಎಂದೆ,
ಹಿಟ್ಟು ತೂಗುವುದಿತ್ತು ಎಂದೆ.